ತೇಜಸ್ವಿನಿ ಹೊಳೆಯ ರಾಫ್ಟಿಂಗ್: ದೋಣಿ ಹತ್ತುವ ಮೊದಲಿನ ಒಂದು ಗಂಟೆ

ಕಾಸರಗೋಡು ಮತ್ತು ಕಣ್ಣೂರು ಜಿಲ್ಲೆಗಳ ಗಡಿಯಲ್ಲಿ ಹರಿಯುವ ತೇಜಸ್ವಿನಿ ಹೊಳೆಯಲ್ಲಿ ಮಳೆಗಾಲದ ರಾಫ್ಟಿಂಗ್ (ಗಾಳಿ ತುಂಬಿದ ದೋಣಿಯಲ್ಲಿ ರಭಸದ ನೀರಿನ ಮೇಲೆ ಸಾಗುವ ಸಾಹಸ) ನಡೆಸುವ ಒಂದು ಸಣ್ಣ ತಂಡದ ಸೇವೆಯನ್ನು ಈ ವರ್ಷ ನಮ್ಮ ಮನೆಯವರೂ ನೆರೆಕರೆಯ ಕೆಲವು ಯುವಕರೂ ಸೇರಿ ಪಡೆದೆವು. ನಂದಾರಪದವಿನಿಂದ ಹೊರಟು ಬಂದಡ್ಕ, ಕೋಳಿಚ್ಚಾಲ್ ಮೂಲಕ ಈ ಹೊಳೆಯ ದಡದ ಚೆರುಪುಳ ತಲುಪುವ ಮಲೆನಾಡ ಹೆದ್ದಾರಿಯಿಂದಾಗಿ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಆ ಹೊಳೆ ಈಗ ದೂರವೆನಿಸುವುದಿಲ್ಲ. ಇಲ್ಲಿಯ ಕನ್ನಡಿಗರಲ್ಲಿ ಬಹುಮಂದಿ ಮೊದಲ ಬಾರಿಗೆ ಹೋಗುವವರೇ ಆದ್ದರಿಂದ ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಈ ತಂಡವನ್ನು ನಾನು ಮೆಚ್ಚಿದ್ದು ನೀರಿನ ಮೇಲಿನ ರೋಮಾಂಚನಕ್ಕಿಂತ ಹೆಚ್ಚಾಗಿ, ದೋಣಿ ನೀರಿಗಿಳಿಯುವ ಮೊದಲು ಅವರು ದಡದಲ್ಲಿ ನಮಗಾಗಿ ವ್ಯಯಿಸಿದ ಸುಮಾರು ಒಂದು ಗಂಟೆಗಾಗಿ.

ಮೊದಲು ಹೊಳೆಯ ಸ್ವಭಾವವನ್ನು ತಿಳಿಯಬೇಕು. ದಾಂಡೇಲಿ ಸಮೀಪದ ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದೆ. ತೇಜಸ್ವಿನಿ ಹಾಗಲ್ಲ, ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ನೀಲೇಶ್ವರದ ಕಡೆ ಸಮುದ್ರಕ್ಕಿಳಿಯುವ ಈ ಹೊಳೆ ಮಳೆಯನ್ನೇ ನಂಬಿಕೊಂಡಿದೆ. ಚೆರುಪುಳದಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಸುರಿದರೆ ಕೆಲವೇ ಗಂಟೆಗಳಲ್ಲಿ ಬೊಳ್ಳ (ನೆರೆ) ಬರಬಹುದು. ಆದುದರಿಂದ ಮುಂಗಡ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ದರದ್ದಲ್ಲ, ನೀರು ಹೆಚ್ಚಾದರೆ ಏನು ಮಾಡುತ್ತೀರಿ ಎಂಬುದು. ನಾವು ಕೇಳಿದಾಗ, ಬೆಳಿಗ್ಗೆ ನೀರಿನ ಮಟ್ಟ ನೋಡಿಯೇ ತೀರ್ಮಾನಿಸುತ್ತೇವೆ, ರದ್ದಾದರೆ ಹಣವನ್ನು ಬೇರೆ ದಿನಕ್ಕೆ ವರ್ಗಾಯಿಸುತ್ತೇವೆ ಎಂಬ ಸ್ಪಷ್ಟ ಉತ್ತರ ಬಂತು. ‘ಎಷ್ಟು ಮಳೆ ಬಂದರೂ ಹೋಗೋಣ’ ಎನ್ನುವವರಿದ್ದರೆ ಅವರಿಂದ ದೂರವಿರುವುದೇ ಲೇಸು.

ರ‍್ಯಾಪಿಡ್‌ಗಳನ್ನು, ಅಂದರೆ ಬಂಡೆಗಳ ನಡುವೆ ನೀರು ನೊರೆಯೆದ್ದು ರಭಸದಿಂದ ಇಳಿಯುವ ಜಾಗಗಳನ್ನು, ಅಂತಾರಾಷ್ಟ್ರೀಯ ಪದ್ಧತಿಯಲ್ಲಿ 1ರಿಂದ 6ರವರೆಗೆ ವರ್ಗೀಕರಿಸುತ್ತಾರೆ. ಅನುಭವಿ ಗೈಡ್ ಜೊತೆಗಿದ್ದರೆ ಹೊಸಬರಿಗೆ 2 ಮತ್ತು 3ನೇ ದರ್ಜೆ ಸಾಕು. 6ನೇ ದರ್ಜೆಯೆಂದರೆ ನುರಿತವರಿಗೂ ಜೀವಾಪಾಯ. ಆದರೆ ಈ ಅಂಕೆ ವರ್ಷವಿಡೀ ಒಂದೇ ಆಗಿರುವುದಿಲ್ಲ. ಸೆಪ್ಟೆಂಬರಿನಲ್ಲಿ 2ನೇ ದರ್ಜೆಯಂತೆ ತೋರುವ ಜಾಗ ಆಟಿ ತಿಂಗಳ (ಜುಲೈ-ಆಗಸ್ಟ್) ನೆರೆಯಲ್ಲಿ ಬೇರೆಯೇ ಆಗಿರುತ್ತದೆ. ಜಾಹೀರಾತಿನಲ್ಲಿ ಅಚ್ಚಾದ ದರ್ಜೆಯನ್ನು ನಂಬಿ ಕೂರದೆ, ಇಂದಿನ ನೀರಿಗೆ ಇದು ಯಾವ ದರ್ಜೆ ಎಂದು ಆ ದಿನವೇ ಕೇಳಬೇಕು.

ನಮ್ಮ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕೆಂದು ನನಗೆ ಅನಿಸುತ್ತದೆ. ತೋಟದ ಕೆರೆಯಲ್ಲಿ, ಪಯಸ್ವಿನಿ ಅಥವಾ ಶಿರಿಯಾ ಹೊಳೆಯ ಕಯಗಳಲ್ಲಿ (ಆಳದ ಮಡುಗಳಲ್ಲಿ) ಈಜಿ ಬೆಳೆದವರಿಗೆ ನೀರಿನ ಭಯವಿರುವುದಿಲ್ಲ, ಅದು ಸಂತೋಷದ ವಿಷಯವೇ. ಆದರೆ ನಿಂತ ನೀರಿನ ಈಜು ರಭಸದ ನೀರಿನಲ್ಲಿ ಹೆಚ್ಚು ನೆರವಾಗುವುದಿಲ್ಲ. ಕೆಲವೊಮ್ಮೆ ಆ ಅಭ್ಯಾಸವೇ ಅಪಾಯ ತರುತ್ತದೆ. ಕೆರೆಯಲ್ಲಿ ಕಾಲಿಗೆ ನೆಲ ಸಿಕ್ಕಿದೊಡನೆ ನಾವು ಎದ್ದು ನಿಲ್ಲುತ್ತೇವೆ. ಸೆಳವಿರುವ ಹೊಳೆಯಲ್ಲಿ ಹಾಗೆ ನಿಂತರೆ ಪಾದ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಳ್ಳಬಹುದು. ಹಿಂದಿನಿಂದ ಒತ್ತುವ ನೀರು ದೇಹವನ್ನು ಮುಂದಕ್ಕೆ ಮಗುಚಿ ಅಲ್ಲಿಯೇ ಹಿಡಿದಿಡುತ್ತದೆ, ಸೊಂಟದ ಮಟ್ಟದ ನೀರಿನಲ್ಲಿಯೂ ಮನುಷ್ಯ ಮುಳುಗುವುದು ಹೀಗೆ. ದೋಣಿಯಿಂದ ಬಿದ್ದರೆ ಅಂಗಾತ ಮಲಗಬೇಕು, ಮೊಣಕಾಲು ತುಸು ಮಡಚಿ ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ ಬೆರಳುಗಳನ್ನು ನೀರಿನ ಮೇಲಿಟ್ಟುಕೊಳ್ಳಬೇಕು, ಎದುರಾಗುವ ಬಂಡೆಯನ್ನು ಪಾದದಿಂದ ತಳ್ಳಬೇಕು, ಮತ್ತು ನೀರು ಶಾಂತವಾಗಿ ಆಳ ಕಡಿಮೆಯಾಗುವ ತನಕ ನಿಲ್ಲುವ ಯೋಚನೆಯನ್ನೇ ಮಾಡಬಾರದು. ಇದಕ್ಕೆ ಅಪವಾದ ಒಂದೇ: ಬಿದ್ದ ಮರವೋ ಬಾಗಿದ ಬಿದಿರ ಹಿಂಡಿಲೋ ನೀರಿಗೆ ಅಡ್ಡವಾಗಿದ್ದರೆ ಅದರ ಅಡಿಗೆ ಸೇರದಂತೆ ಕವುಚಿ ಬಲವಾಗಿ ಈಜಿ ದೂರ ಹೋಗಬೇಕು, ತಪ್ಪಿಸಲು ಆಗದೇ ಹೋದರೆ ತಲೆ ಮುಂದಾಗಿ ಅದರ ಮೇಲೆ ಹತ್ತಿಬಿಡಬೇಕು. ಅದು ನೀರನ್ನು ಸೋಸಿ ಬಿಟ್ಟು ಮನುಷ್ಯನನ್ನು ಹಿಡಿದಿಡುತ್ತದೆ. ಈ ತಂಡದ ಗೈಡ್ ಇದನ್ನೆಲ್ಲ ಬಾಯಲ್ಲಿ ಹೇಳಿ ಮುಗಿಸಲಿಲ್ಲ. ದಡದ ಪಕ್ಕದ ಸೌಮ್ಯ ನೀರಿನಲ್ಲಿ ಒಬ್ಬೊಬ್ಬರನ್ನೂ ಇಳಿಸಿ ಆ ಭಂಗಿಯಲ್ಲಿ ತೇಲಿಸಿ ನೋಡಿದರು. ಇಷ್ಟನ್ನು ಮಾಡುವ ತಾಳ್ಮೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಲೈಫ್ ಜಾಕೆಟ್ ವಿಷಯದಲ್ಲಿಯೂ ಅವರು ಅಷ್ಟೇ ಕಟ್ಟುನಿಟ್ಟು. ಎಲ್ಲ ಬಕಲ್‌ಗಳನ್ನು ಬಿಗಿದ ಮೇಲೆ ಭುಜದ ಪಟ್ಟಿಗಳನ್ನು ಮೇಲಕ್ಕೆ ಎಳೆದು ಪರೀಕ್ಷಿಸಿದರು. ಜಾಕೆಟ್ ಗಲ್ಲವನ್ನು ದಾಟಿ ಕಿವಿಯ ತನಕ ಏರಿದರೆ ಅದು ಸಡಿಲವೆಂದೇ ಅರ್ಥ. ಉಸಿರಾಟಕ್ಕೆ ಅಡ್ಡಿಯಾಗದಂತೆ, ಆದರೆ ಬಿಗಿಯಾಗಿಯೇ ಇರಲಿ. ಹೆಲ್ಮೆಟ್ ಹಣೆಯನ್ನು ಮುಚ್ಚಬೇಕು. ಅವರ ಹೆಲ್ಮೆಟ್‌ಗಳಲ್ಲಿ ಕೆಲವು ಹಳತಾಗಿದ್ದವು, ಒಂದರ ಕೊಕ್ಕೆ ನಿಲ್ಲುತ್ತಿರಲಿಲ್ಲ. ಕೇಳಿದಾಗ ಕೂಡಲೇ ಬದಲಿಸಿಕೊಟ್ಟರೇನೋ ಸರಿ, ಆದರೆ ಅಂಥದ್ದು ಕೊಡುವ ರಾಶಿಯಲ್ಲಿ ಇರಲೇಬಾರದು. ಹುಟ್ಟಿನ ತುದಿಯ ಅಡ್ಡಹಿಡಿಯಿಂದ ಕೈ ತೆಗೆಯಬಾರದೆಂದು ಅವರು ಪದೇ ಪದೇ ಎಚ್ಚರಿಸಿದ್ದು ಸಕಾರಣ: ಕೈ ಬಿಟ್ಟ ಹುಟ್ಟು ಪಕ್ಕದವರ ಹಲ್ಲಿಗೋ ಕಣ್ಣಿಗೋ ಬಡಿಯುತ್ತದೆ. ಜೀನ್ಸ್ ನೆನೆದರೆ ಭಾರ, ಹವಾಯಿ ಚಪ್ಪಲಿ ಮೊದಲ ಅಲೆಗೇ ಹೋಗುತ್ತದೆ. ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಳೆಯ ಶೂ, ಬೇಗ ಒಣಗುವ ಬಟ್ಟೆ ಸಾಕು. ಚಿನ್ನ ಮನೆಯಲ್ಲಿರಲಿ, ಕನ್ನಡಕಕ್ಕೆ ದಾರ ಕಟ್ಟಿ.

ದೋಣಿಯಲ್ಲಿ ಕುಳಿತು ನೋಡುವುದಷ್ಟೇ ಕೆಲಸವೆಂದು ಭಾವಿಸಿ ಬರುವವರೇ ಹೆಚ್ಚು. ವಾಸ್ತವದಲ್ಲಿ ಹಿಂಬದಿಯಲ್ಲಿ ಕುಳಿತ ಗೈಡ್ ದಿಕ್ಕು ಕೊಡಬಲ್ಲರೇ ಹೊರತು ಅಷ್ಟು ಭಾರದ ದೋಣಿಯನ್ನು ಒಬ್ಬರೇ ನಡೆಸಲಾರರು. ನೀರಿನ ವೇಗಕ್ಕಿಂತ ದೋಣಿಯ ವೇಗ ಹೆಚ್ಚೋ ಕಡಿಮೆಯೋ ಇದ್ದಾಗ ಮಾತ್ರ ಅದು ಮಾತು ಕೇಳುತ್ತದೆ. ಅಲೆ ಕಂಡು ಹೆದರಿ ಎಲ್ಲರೂ ಹುಟ್ಟು ಎತ್ತಿಬಿಟ್ಟರೆ ದೋಣಿ ಸೆಳವಿನ ಪಾಲಾಗುತ್ತದೆ. ಆದ್ದರಿಂದ ‘ಫಾರ್ವರ್ಡ್’, ‘ಬ್ಯಾಕ್’, ‘ಸ್ಟಾಪ್’, ‘ಗೆಟ್ ಡೌನ್’ (ದೋಣಿಯೊಳಗೆ ತಗ್ಗಿ ಕೂರುವುದು) ಎಂಬ ಆಜ್ಞೆಗಳನ್ನು ಕಿವಿಗೆ ಬಿದ್ದೊಡನೆ ಪಾಲಿಸುವಷ್ಟು ಅಭ್ಯಾಸ ಮಾಡಲೇಬೇಕು. ನಮ್ಮ ಗೈಡ್ ಮಲಯಾಳದಲ್ಲಿ ವೇಗವಾಗಿ ವಿವರಿಸುತ್ತಿದ್ದರು. ನಮ್ಮ ಜೊತೆಗಿದ್ದ, ಪುತ್ತೂರಿನಿಂದ ಮದುವೆಯಾಗಿ ಬಂದ ಸೊಸೆಯಂದಿರಿಗೆ ಅದು ಅರ್ಧವೂ ಅರ್ಥವಾಗಲಿಲ್ಲ. ‘ಚೇಟ್ಟಾ (ಅಣ್ಣಾ), ಸ್ವಲ್ಪ ನಿಧಾನ’ ಎಂದು ವಿನಂತಿಸಿದ ಮೇಲೆ ಅವರು ಬೇಸರಿಸದೆ ಎಲ್ಲವನ್ನೂ ಕೈಸನ್ನೆಯೊಂದಿಗೆ ಮತ್ತೆ ಹೇಳಿದರು. ಕನ್ನಡಿಗರು ಇಷ್ಟು ಸಂಖ್ಯೆಯಲ್ಲಿರುವ ಜಿಲ್ಲೆಯ ಅಂಚಿನಲ್ಲಿ ಕನ್ನಡ ಬಲ್ಲ ಒಬ್ಬರನ್ನಾದರೂ ಇಟ್ಟುಕೊಳ್ಳಬೇಕೆಂಬುದು ನನ್ನ ಬಲವಾದ ಕೋರಿಕೆ. ಸುರಕ್ಷತೆಯ ಮಾತು ಕೇಳುವವರಿಗೆ ತಿಳಿಯದಿದ್ದರೆ ಹೇಳಿಯೂ ಪ್ರಯೋಜನವಿಲ್ಲ.

ನಮ್ಮ ದೋಣಿಗಳ ಮುಂದೆ ಒಬ್ಬರು ಕಯಾಕ್‌ನಲ್ಲಿ (ಒಬ್ಬರೇ ಕೂರುವ ಕಿರಿದಾದ ದೋಣಿಯಲ್ಲಿ) ಸಾಗುತ್ತಿದ್ದರು. ಬಿದ್ದವರನ್ನು ಹಿಡಿಯುವುದೇ ಅವರ ಕೆಲಸ. ಗೈಡ್ ಬಳಿ ಹಗ್ಗ ತುಂಬಿದ ಥ್ರೋ ಬ್ಯಾಗ್ ಇತ್ತು. ಅದನ್ನು ಎಸೆದಾಗ ಚೀಲವನ್ನಲ್ಲ, ಹಗ್ಗವನ್ನು ಹಿಡಿದು ಹೆಗಲ ಮೇಲಿಂದ ಎದೆಗೆ ತಂದುಕೊಂಡು ಅಂಗಾತವಾಗಿ ಎಳೆಸಿಕೊಳ್ಳಬೇಕು, ಕೈಗೆ ಸುತ್ತಿಕೊಳ್ಳಕೂಡದು. ದೋಣಿ ಮಗುಚಿ ಅದರಡಿಗೆ ಸಿಲುಕಿದರೆ ಕೈಗಳಿಂದ ತಳವನ್ನು ತಡವುತ್ತ ಒಂದೇ ದಿಕ್ಕಿನಲ್ಲಿ ಸರಿದು ಹೊರಬರಬೇಕು. ಕಯಾಕ್ ಮತ್ತು ಥ್ರೋ ಬ್ಯಾಗ್ ಎಂಬ ಈ ಎರಡು ವ್ಯವಸ್ಥೆಗಳಿಲ್ಲದ ತಂಡದ ದೋಣಿಯನ್ನು ಹೊಸಬರು ಹತ್ತಬಾರದು ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಇದನ್ನು ನೋಡಿ ಬಂದು ಟ್ಯೂಬ್ ಅಥವಾ ಅಗ್ಗದ ಗಾಳಿದೋಣಿ ತಂದು ನಮ್ಮ ಹೊಳೆಗಳಿಗೇ ಇಳಿಯುವ ಹುಡುಗರ ಬಗ್ಗೆ ನನಗೆ ನಿಜವಾದ ಆತಂಕವಿದೆ. ಮಳೆಗಾಲದಲ್ಲಿ ಕಿಂಡಿ ಅಣೆಕಟ್ಟಿನ ಮೇಲಿನಿಂದ ಅಡ್ಡಕ್ಕೆ ಒಂದೇ ಸಮನೆ ಬೀಳುವ ನೀರು ನೋಡಲು ಸಾಧುವಾಗಿದ್ದರೂ, ಕೆಳಗೆ ಅದು ಮತ್ತೆ ಅಣೆಕಟ್ಟಿನತ್ತಲೇ ಹಿಂದಕ್ಕೆ ಹೊರಳುತ್ತದೆ, ಜಾಕೆಟ್ ತೊಟ್ಟವರನ್ನೂ ಬಿಡದೆ ತಿರುಗಿಸುತ್ತದೆ. ನುರಿತ ಗೈಡ್‌ಗಳು ಅಂಥ ಕಡೆ ದೋಣಿಯನ್ನು ಹೊತ್ತು ದಡದಲ್ಲಿ ನಡೆದು ದಾಟುತ್ತಾರೆ.

ಕೊರತೆಗಳೂ ಇವೆ. ಹೆಂಗಸರಿಗೆ ಬಟ್ಟೆ ಬದಲಿಸಲು ಟಾರ್ಪಾಲಿನ ಒಂದು ಮರೆ ಮಾತ್ರವಿತ್ತು, ಶೌಚಾಲಯ ದೂರದಲ್ಲಿತ್ತು. ವೀಡಿಯೊ ಮಾಡಿಸಿಕೊಳ್ಳಿ ಎಂಬ ಒತ್ತಾಯ ಅತಿಯಾಯಿತು. ಮರಳುವ ಜೀಪಿನಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಜನರನ್ನು ತುಂಬಿದರು. ನೀರಿನಲ್ಲಿ ಅಷ್ಟೊಂದು ಜಾಗರೂಕರಾಗಿದ್ದವರು ಘಾಟಿ ರಸ್ತೆಯಲ್ಲಿ ಹೀಗೆ ಮಾಡಿದ್ದು ನನಗೆ ಸರಿಬರಲಿಲ್ಲ.

ಗರ್ಭಿಣಿಯರು, ಹೃದಯದ ತೊಂದರೆ, ಅಪಸ್ಮಾರ ಅಥವಾ ಇತ್ತೀಚಿನ ಶಸ್ತ್ರಚಿಕಿತ್ಸೆಯಾದವರು ಹೋಗಬಾರದು. ಮದ್ಯ ಸೇವಿಸಿ ಬಂದವರನ್ನು ಈ ತಂಡ ನಮ್ಮೆದುರೇ ಹಿಂದಕ್ಕೆ ಕಳುಹಿಸಿತು. ಸಣ್ಣ ಮಕ್ಕಳನ್ನೂ ಅವರು ಹತ್ತಿಸಿಕೊಳ್ಳುವುದಿಲ್ಲ. ಕೇರಳ ಅಡ್ವೆಂಚರ್ ಟೂರಿಸಂ ಪ್ರಮೋಷನ್ ಸೊಸೈಟಿಯ ನೋಂದಣಿ ಇದೆಯೇ, ಗೈಡ್‌ಗಳಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯೇ ಎಂದು ಫೋನಿನಲ್ಲಿಯೇ ಸಂಕೋಚವಿಲ್ಲದೆ ವಿಚಾರಿಸಿ. ಜೂನ್, ಜುಲೈಗಳ ಬಿರುಸನ್ನು ಅನುಭವಿಗಳಿಗೆ ಬಿಟ್ಟು, ಮಳೆಯ ಅಬ್ಬರ ತಗ್ಗಿಯೂ ಹೊಳೆಯಲ್ಲಿ ನೀರು ಉಳಿದಿರುವ ಸೆಪ್ಟೆಂಬರಿನ ವಾರಗಳನ್ನು ಹೊಸಬರು ಆರಿಸಿಕೊಳ್ಳುವುದು ಒಳ್ಳೆಯದು. ಬೆಳಗ್ಗಿನ ಮೊದಲ ಸರದಿಯನ್ನೇ ಕೇಳಿದರೆ ದಡದ ತರಬೇತಿಗೆ ಅವರು ಹೆಚ್ಚು ಸಮಯ ಕೊಡುತ್ತಾರೆ.