ಯಾವ ಯಂತ್ರವನ್ನು ಬಿಚ್ಚಬಾರದು: ಕಂಪನ ನಿಗಾ ಸೇವೆಯೊಂದನ್ನು ಎರಡು ಹಂಗಾಮು ಬಳಸಿದ ಮೇಲೆ

ಉತ್ತರ ಕರ್ನಾಟಕದ ಸಕ್ಕರೆ ಕಾರ್ಖಾನೆಯೊಂದರ ಯಾಂತ್ರಿಕ ವಿಭಾಗದಲ್ಲಿ ಕೆಲಸ ಮಾಡುವ ನಾನು, ಯಂತ್ರಗಳ ಕಂಪನವನ್ನು ದೂರದಿಂದಲೇ ಅಳೆದು ಎಚ್ಚರಿಕೆ ಕೊಡುವ ಸೇವೆಯೊಂದನ್ನು ಎರಡು ಹಂಗಾಮುಗಳ ಕಾಲ ಬಳಸಿದ್ದೇನೆ. ಸಂಸ್ಥೆಯ ಹೆಸರು ಇಲ್ಲಿ ಮುಖ್ಯವಲ್ಲ. ಇಂಥದೇ ಸೇವೆಯನ್ನು ಬೇರೆಯವರಿಂದ ಕೊಳ್ಳುವವರಿಗೂ ಈ ಅನುಭವ ಉಪಯೋಗಕ್ಕೆ ಬಂದೀತು. ಒಪ್ಪಂದದ ಪ್ರಕಾರ ಅವರು 24 ವೈರ್‌ಲೆಸ್ ಸೆನ್ಸರ್‌ಗಳನ್ನು ಕೂರಿಸಿ ನಾಲ್ಕು ಗಂಟೆಗೊಮ್ಮೆ ಅಳತೆ ತೆಗೆದುಕೊಳ್ಳುತ್ತಾರೆ, ಉಳಿದ ಯಂತ್ರಗಳನ್ನು ತಿಂಗಳಿಗೊಮ್ಮೆ ಕೈ ಉಪಕರಣದಿಂದ ಪರೀಕ್ಷಿಸುತ್ತಾರೆ ಮತ್ತು ಗೇರ್‌ಬಾಕ್ಸ್‌ಗಳ ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ.

ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿಯನ್ನು ಮೊದಲು ಹೇಳಬೇಕು. ಕಬ್ಬು ನುರಿಸುವುದು ಮುಗಿದ ಕೂಡಲೇ ಪ್ರತಿಯೊಂದು ಪಂಪು, ಫ್ಯಾನು ಮತ್ತು ಗೇರ್‌ಬಾಕ್ಸನ್ನು, ಅದು ಚೆನ್ನಾಗಿ ನಡೆಯುತ್ತಿದ್ದರೂ ಸರಿಯೇ, ಪೂರ್ತಿ ಬಿಚ್ಚಿ, ಹೇಗೂ ಬಿಚ್ಚಿದ್ದಾಯಿತಲ್ಲ ಎಂದು ಬೇರಿಂಗುಗಳನ್ನೂ ಬದಲಿಸಿ ಮತ್ತೆ ಜೋಡಿಸುವುದು ವಾಡಿಕೆ. ಹೊಸ ಹಂಗಾಮಿನ ಮೊದಲ ಹದಿನೈದು ದಿನಗಳಲ್ಲಿ ನಾವು ಪಡುವ ಪಾಡಿನ ದೊಡ್ಡ ಪಾಲು ಈ ಕೆಲಸದಿಂದಲೇ ಹುಟ್ಟುತ್ತಿತ್ತು: ಕಪ್ಲಿಂಗಿನ ಅಲೈನ್‌ಮೆಂಟ್ ತಪ್ಪಿರುವುದು, ಗ್ರೀಸ್ ಅತಿಯಾಗಿ ಬೇರಿಂಗ್ ಕಾಯುವುದು, ಬುಡದ ಬೋಲ್ಟು ಸಡಿಲವಾಗಿರುವುದು. ಇದು ನಮ್ಮ ಕಾರ್ಖಾನೆಯೊಂದರ ಕಥೆಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯ ವಿಮಾನಗಳ ಲೆಕ್ಕ ನೋಡಿದ ಜೀವವಿಜ್ಞಾನಿ ವಾಡಿಂಗ್ಟನ್, 50 ಗಂಟೆಗಳ ಹಾರಾಟಕ್ಕೊಮ್ಮೆ ನಡೆಯುತ್ತಿದ್ದ ತಪಾಸಣೆಯ ಬೆನ್ನಿಗೇ ಅನಿರೀಕ್ಷಿತ ದುರಸ್ತಿಗಳು ಏರಿ, ಕ್ರಮೇಣ ಇಳಿಯುತ್ತಿದ್ದುದನ್ನು ಗುರುತಿಸಿದ್ದರು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ 1978ರಲ್ಲಿ ಕೊಟ್ಟ ವರದಿಯ ಪ್ರಕಾರ, ಅವರು ಪರಿಶೀಲಿಸಿದ ವಿಮಾನ ಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಲಕ್ಷಣ ಕಂಡದ್ದು ಕೇವಲ ಶೇ 11ರಷ್ಟರಲ್ಲಿ. ವಿಮಾನದ ಅಂಕಿಯನ್ನು ಸಕ್ಕರೆ ಕಾರ್ಖಾನೆಗೆ ನೇರವಾಗಿ ಅನ್ವಯಿಸಲು ಬಾರದು, ನಿಜ; ಆದರೆ ಕ್ಯಾಲೆಂಡರ್ ನೋಡಿ ಯಂತ್ರ ಬಿಚ್ಚುವುದನ್ನು ಪ್ರಶ್ನಿಸಲು ಅಷ್ಟು ಸಾಕು.

ಸೇವೆಯ ಬಲ ಮೊದಲು ಕಂಡದ್ದು ಬಾಯ್ಲರಿನ ಹೊಗೆಯನ್ನು ಎಳೆದು ಚಿಮಣಿಗೆ ಕಳುಹಿಸುವ ಐ.ಡಿ. (ಇಂಡ್ಯೂಸ್ಡ್ ಡ್ರಾಫ್ಟ್) ಫ್ಯಾನಿನಲ್ಲಿ. 300 ಕಿಲೋವಾಟ್‌ಗಿಂತ ದೊಡ್ಡ ಮೋಟಾರಿನ, ಗಟ್ಟಿ ಬುನಾದಿಯ ಇಂಥ ಯಂತ್ರಕ್ಕೆ ಯಂತ್ರಗಳ ಕಂಪನದ ಅಂತರರಾಷ್ಟ್ರೀಯ ಮಾನದಂಡವಾಗಿದ್ದು 2022ರಲ್ಲಿ ಐಎಸ್‌ಒ 20816ಕ್ಕೆ ಜಾಗ ಬಿಟ್ಟುಕೊಟ್ಟ ಐಎಸ್‌ಒ 10816ರ ಮೂರನೆಯ ಭಾಗವು ಸೆಕೆಂಡಿಗೆ 4.5 ಮಿಲಿಮೀಟರ್ ದಾಟಿದ ಕಂಪನವನ್ನು ದೀರ್ಘಕಾಲ ನಡೆಸಲು ತಕ್ಕುದಲ್ಲವೆಂದೂ 7.1 ದಾಟಿದ್ದನ್ನು ಯಂತ್ರಕ್ಕೆ ಅಪಾಯಕಾರಿಯೆಂದೂ ಪರಿಗಣಿಸುತ್ತಿತ್ತು. ನವೆಂಬರಿನಲ್ಲಿ 2.2 ಇದ್ದ ನಮ್ಮ ಫ್ಯಾನು ಜನವರಿಯ ಹೊತ್ತಿಗೆ 4.9ಕ್ಕೆ ಏರಿತು. ವಿಶ್ಲೇಷಕರು ಕಳುಹಿಸಿದ ನಕ್ಷೆಯಲ್ಲಿ ಏರಿಕೆ ಪೂರ್ತಿಯಾಗಿ ಸುತ್ತಿನ ವೇಗದ ಆವರ್ತನದಲ್ಲೇ, ಅಂದರೆ ನಿಮಿಷಕ್ಕೆ 980 ಸುತ್ತಿನ ಫ್ಯಾನಿಗೆ ಸುಮಾರು 16.3 ಹರ್ಟ್ಸ್‌ನಲ್ಲಿ, ಕಾಣಿಸಿದ್ದರಿಂದ ಅದು ಬೇರಿಂಗಿನ ದೋಷವಲ್ಲ, ಅಸಮತೋಲನ ಎಂದು ಅವರು ಬರೆದರು. ಬಾಯ್ಲರಿನಲ್ಲಿ ಉರಿಸುವ ಕಬ್ಬಿನ ಸಿಪ್ಪೆಯ, ಅಂದರೆ ಬಗಾಸಿನ, ಬೂದಿಯೊಂದಿಗೆ ಬರುವ ಮರಳು ಇಂಪೆಲ್ಲರಿನ ರೆಕ್ಕೆಗಳನ್ನು ಒಂದೇ ಸಮನಾಗಿ ತಿನ್ನುವುದಿಲ್ಲವಾದ್ದರಿಂದ ಆ ತೀರ್ಮಾನ ನಂಬುವಂತಿತ್ತು. ತಕ್ಷಣ ನಿಲ್ಲಿಸದೆ, ಹನ್ನೊಂದು ದಿನಗಳ ನಂತರ ಕಾರ್ಖಾನೆ ನಿಲ್ಲಿಸಿ ಸ್ವಚ್ಛಗೊಳಿಸಲು ಹೇಗೂ ಬರಲಿದ್ದ ಜನರಲ್ ಕ್ಲೀನಿಂಗಿನ ದಿನ ಬೂದಿ ತೆಗೆದು, ಸವೆದ ರೆಕ್ಕೆಗೆ ವೆಲ್ಡಿಂಗ್ ಮಾಡಿ, ಇದ್ದ ಜಾಗದಲ್ಲೇ ಬ್ಯಾಲೆನ್ಸ್ ಮಾಡಿದೆವು, ಕಂಪನ 1.9ಕ್ಕೆ ಇಳಿಯಿತು. ಐ.ಡಿ. ಫ್ಯಾನು ನಿಂತರೆ ಬಾಯ್ಲರು ನಿಲ್ಲುತ್ತದೆ, ಬಾಯ್ಲರು ನಿಂತರೆ ನುರಿಸುವುದೂ ಗ್ರಿಡ್ಡಿಗೆ ಹೋಗುವ ವಿದ್ಯುತ್ತೂ ಒಟ್ಟಿಗೆ ನಿಲ್ಲುತ್ತವೆ. ಆ ಹನ್ನೊಂದು ದಿನಗಳ ಕಾಲಾವಕಾಶಕ್ಕೇ ನಾವು ಹಣ ಕೊಟ್ಟಿದ್ದೇವೆ ಎಂದು ನನಗೆ ಅನ್ನಿಸಿತು.

ಆದರೂ ಹೆಚ್ಚಿನ ಲಾಭ ಬಂದದ್ದು ಹಂಗಾಮು ಮುಗಿದ ಮೇಲೆ. ವರದಿಯನ್ನು ಮುಂದಿಟ್ಟುಕೊಂಡು, ಕಂಪನ ಮತ್ತು ಎಣ್ಣೆ ಎರಡೂ ಸರಿಯಿದ್ದ ಯಂತ್ರಗಳನ್ನು ಬಿಚ್ಚುವುದು ಬೇಡವೆಂದು ನಿರ್ಧರಿಸಿದಾಗ, ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಬೇರಿಂಗಿನ ಸದ್ದು ಗುರುತಿಸಬಲ್ಲ ನಮ್ಮ ಹಿರಿಯ ಫಿಟ್ಟರರು, "ಬಿಚ್ಚಿ ನೋಡಲಾರದ ಹಂಗಾಮು ಹ್ಯಾಂಗ ಚಾಲೂ ಮಾಡೋದ್ರಿ, ಸಾಹೇಬ್ರ?" ಎಂದು ಕೇಳಿದರು. ಅವರ ಸಂದೇಹ ಸುಳ್ಳಾಗಿರಲಿಲ್ಲ: ಹಾಗೆಯೇ ಬಿಟ್ಟ ರಸದ ಪಂಪೊಂದರ ಸೀಲು ಎರಡನೆಯ ಹಂಗಾಮಿನಲ್ಲಿ ಸೋರಿತು, ಏಕೆಂದರೆ ಸೀಲಿನ ಸವೆತ ಕಂಪನದಲ್ಲಿ ಕಾಣಿಸಲೇಬೇಕೆಂದಿಲ್ಲ. ಉಳಿದವು ತೊಂದರೆಯಿಲ್ಲದೆ ನಡೆದವು, ಹಂಗಾಮಿನ ಆರಂಭದ ಗೋಳು ಗಮನಾರ್ಹವಾಗಿ ಕಡಿಮೆಯಾಯಿತು.

ಇನ್ನು ದೋಷಗಳು. ಮಾರಾಟಕ್ಕೆ ಬಂದವರು ಮಿಲ್ಲಿನ ರೋಲರುಗಳಿಗೂ ಸೆನ್ಸರ್ ಹಾಕಿಸಲು ಒತ್ತಾಯಿಸಿದ್ದರು. ನಿಮಿಷಕ್ಕೆ ನಾಲ್ಕೈದು ಸುತ್ತು ತಿರುಗುವ, ಗುಂಡುಗಳಿಲ್ಲದ ಗನ್‌ಮೆಟಲ್ (ಕಂಚಿನ ಬಗೆಯ ಮಿಶ್ರಲೋಹ) ಬೇರಿಂಗುಗಳ ಮೇಲೆ ಕುಳಿತ ರೋಲರಿನಲ್ಲಿ ಆ ಬಗೆಯ ಸೆನ್ಸರಿಗೆ ಸಿಗುವುದು ಹೆಚ್ಚಾಗಿ ಸುತ್ತಲಿನ ಗದ್ದಲವೇ. ಅಲ್ಲಿ ಬೇರಿಂಗಿನ ತಾಪಮಾನ ನೋಡುವುದೇ ಸರಿ, ಅದರ ಗೇರ್‌ಬಾಕ್ಸಿಗೆ ಎಣ್ಣೆಯ ಪರೀಕ್ಷೆ. ಇದನ್ನು ನಾವು ಆರಂಭದಲ್ಲೇ ನಿರಾಕರಿಸಿದೆವು. ಆದರೆ ಸಕ್ಕರೆಯ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ ಬ್ಯಾಚ್ ಸೆಂಟ್ರಿಫ್ಯೂಗಲ್‌ಗಳ ವಿಷಯದಲ್ಲಿ ಮೋಸಹೋದೆವು. ಅವು ಒಂದೊಂದು ಬ್ಯಾಚಿನಲ್ಲೂ ನಿಧಾನಕ್ಕೆ ತುಂಬಿ, ವೇಗವಾಗಿ ತಿರುಗಿ, ಮತ್ತೆ ನಿಧಾನಗೊಳ್ಳುವ ಯಂತ್ರಗಳು. ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಅಳೆಯುವ ಸೆನ್ಸರಿಗೆ ಒಮ್ಮೆ ತುಂಬುವ ಹಂತ ಸಿಕ್ಕರೆ ಇನ್ನೊಮ್ಮೆ ಪೂರ್ಣ ವೇಗ ಸಿಗುತ್ತಿತ್ತು. ಎರಡನ್ನೂ ಒಂದೇ ರೇಖೆಯಲ್ಲಿ ಜೋಡಿಸಿದ ನಕ್ಷೆಯಿಂದ ಏನನ್ನೂ ತಿಳಿಯಲಾಗಲಿಲ್ಲ. ವೇಗದ ಸಂಕೇತ ಬಂದಾಗ ಮಾತ್ರ ಅಳೆಯುವ ವ್ಯವಸ್ಥೆ ಬೇಕೆಂದು ಕೇಳಿದ್ದಕ್ಕೆ ಇಡೀ ಮೊದಲ ಹಂಗಾಮಿನಲ್ಲಿ ಪರಿಹಾರ ದೊರೆಯಲಿಲ್ಲ.

ಮೊದಲ ಆರು ವಾರ ಎಚ್ಚರಿಕೆಯ ಸಂದೇಶಗಳು ಎಷ್ಟು ಬಂದವೆಂದರೆ ರಾತ್ರಿ ಪಾಳಿಯವರು ಅವುಗಳನ್ನು ತೆರೆದು ನೋಡುವುದನ್ನೇ ಬಿಟ್ಟರು. ಎಲ್ಲ ಯಂತ್ರಗಳಿಗೂ ಒಂದೇ ಮಿತಿ ಇಟ್ಟಿದ್ದು ಇದಕ್ಕೆ ಕಾರಣ. ಪ್ರತಿ ಯಂತ್ರದ ಸಹಜ ಕಂಪನವನ್ನೇ ಆಧಾರವಾಗಿಟ್ಟು ಮಿತಿ ಬದಲಿಸಿದ ಮೇಲೆ ಸರಿಹೋಯಿತು. ವರದಿಗಳಲ್ಲಿ "ಗಮನಿಸುತ್ತಿರಿ" ಎಂಬ ಒಂದೇ ಮಾತು ಮೂರು ತಿಂಗಳು ಸತತವಾಗಿ ಬಂದದ್ದೂ ಉಂಟು. ಒಂದು ವಿಷಯದಲ್ಲಿ ಮಾತ್ರ ತಪ್ಪು ನಮ್ಮದೇ. ಬೇರಿಂಗಿನ ಹೊರ ಬಳೆಯ ದೋಷದ ಆವರ್ತನವನ್ನು ಗುಂಡುಗಳ ಸಂಖ್ಯೆ, ಸೆಕೆಂಡಿನ ಸುತ್ತುಗಳು ಮತ್ತು 0.4ನ್ನು ಗುಣಿಸಿ ಅಂದಾಜು ಮಾಡಬಹುದು. ಬಾಯ್ಲರಿಗೆ ನೀರೂಡಿಸುವ ಫೀಡ್ ಪಂಪಿನ, ನಿಮಿಷಕ್ಕೆ 2,970 ಸುತ್ತಿನ ಮೋಟಾರಿನಲ್ಲಿ 8 ಗುಂಡುಗಳ ಬೇರಿಂಗ್ ಇದ್ದರೆ ಅದು ಸುಮಾರು 158 ಹರ್ಟ್ಸ್. ಗುಂಡುಗಳ ಸಂಖ್ಯೆ ತಿಳಿಯಲು ವಿಶ್ಲೇಷಕರು ಬೇರಿಂಗಿನ ನಂಬರು ಕೇಳಿದಾಗ, ಕಳೆದ ಬಾರಿ ಯಾವುದನ್ನು ಹಾಕಿದ್ದೇವೆಂಬ ದಾಖಲೆ ನಮ್ಮ ಸ್ಟೋರಿನಲ್ಲೂ ಇರಲಿಲ್ಲ, ಮೋಟಾರಿನ ಹಿಸ್ಟರಿ ಕಾರ್ಡಿನಲ್ಲೂ ಇರಲಿಲ್ಲ.

ಮೂರನೆಯ ಹಂಗಾಮಿಗೆ ಒಪ್ಪಂದವನ್ನು ನವೀಕರಿಸಿದ್ದೇವೆ, ಆದರೆ 24 ಸೆನ್ಸರ್‌ಗಳಿಗಲ್ಲ, 16ಕ್ಕೆ ಮಾತ್ರ: ಫ್ಯಾನುಗಳು, ಫೀಡ್ ಪಂಪುಗಳು ಮತ್ತು ಕೂಲಿಂಗ್ ಪಂಪುಗಳು. ಸೆಂಟ್ರಿಫ್ಯೂಗಲ್‌ಗಳನ್ನು ತಿಂಗಳಿಗೊಮ್ಮೆ ಪೂರ್ಣ ವೇಗದಲ್ಲಿರುವಾಗಲೇ ಕೈ ಉಪಕರಣದಿಂದ ಅಳೆಯಬೇಕು, ಎಚ್ಚರಿಕೆ ಕೊಟ್ಟ 24 ಗಂಟೆಗಳೊಳಗೆ ಏನು ಮಾಡಬೇಕೆಂಬ ಸ್ಪಷ್ಟ ಸಲಹೆ ಬರಬೇಕು ಮತ್ತು ಒಪ್ಪಂದ ಮುಗಿದರೂ ಎರಡು ವರ್ಷಗಳ ಮೂಲ ದತ್ತಾಂಶ ನಮ್ಮ ಕೈಗೆ ಸಿಗಬೇಕು ಎಂಬ ಮೂರು ಷರತ್ತುಗಳನ್ನು ಸೇರಿಸಿದೆವು. ಮೊದಲೆರಡಕ್ಕೆ ಅವರು ತಕ್ಷಣ ಒಪ್ಪಿದರು. ಮೂರನೆಯದಕ್ಕೆ ಒಪ್ಪಿಸಲು ನಾಲ್ಕು ಪತ್ರ ಬರೆಯಬೇಕಾಯಿತು.