ಐದು ಬಣ್ಣದ ಜಪಸರ: ನೂಲಿನದ್ದೇ ಕೊಳ್ಳಿ

ಹಿಂಸೆಗೆ ಸಿಕ್ಕ ಕ್ರೈಸ್ತರ ಬಿಡುಗಡೆಗೆಂದು ವಾಳೆಯವರೆಲ್ಲ (ಚರ್ಚಿನ ಒಂದು ಕೇರಿಯವರು) ಸೇರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವುದಾದರೆ, ಒಂದೇ ಬಣ್ಣದ ಜಪಸರಕ್ಕಿಂತ ಐದು ಬಣ್ಣದ್ದು ಒಳ್ಳೆಯದು. 1951ರಲ್ಲಿ ಅಮೆರಿಕದ ಕಥೋಲಿಕ ಧರ್ಮಗುರು ಫುಲ್ಟನ್ ಶೀನ್ ಇದನ್ನು ರೂಢಿಗೆ ತಂದರು. ಹಸಿರು ಆಫ್ರಿಕಾಕ್ಕೆ, ಕೆಂಪು ಅಮೆರಿಕ ಖಂಡಗಳಿಗೆ, ಬಿಳಿ ಯುರೋಪಿಗೆ, ನೀಲಿ ಪೆಸಿಫಿಕ್ ದ್ವೀಪಗಳಿಗೆ, ಹಳದಿ ಏಷ್ಯಾಕ್ಕೆ. ಐವತ್ತು ‘ನಮಾನ್ ಮೊರಿಯೆ’ (ಮರಿಯ ಮಾತೆಗೆ ನಮನದ ಜಪ) ಹೇಳುವಾಗ ಬಾಯಿ ತನ್ನಷ್ಟಕ್ಕೆ ಓಡುತ್ತದೆ. ಮೂರನೇ ರಹಸ್ಯದ (ಒಂದೊಂದು ಬಣ್ಣದ ಹತ್ತು ಮಣಿಗಳ ಸುತ್ತಿಗೆ ಈ ಹೆಸರು) ಹೊತ್ತಿಗೆ ಯಾರಿಗಾಗಿ ಬೇಡುತ್ತಿದ್ದೇವೆ ಎಂಬುದೇ ಜಾರಿ ಹೋಗುತ್ತದೆ. ಮಣಿಯ ಬಣ್ಣ ಬದಲಾದ ಕೂಡಲೇ ಮನಸ್ಸು ಮರಳುತ್ತದೆ.

ಮಂಗಳೂರಿನ ಅಂಗಡಿಗಳಲ್ಲಿ ಸರಪಳಿಯದ್ದೂ ನೂಲಿನದ್ದೂ ಸಿಗುತ್ತದೆ. ಸರಪಳಿಯದ್ದು ನೋಡಲು ಚೆಂದ, ಆದರೆ ಕರಾವಳಿಯ ಉಪ್ಪುಗಾಳಿಗೆ ಅಗ್ಗದ ತಂತಿ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಳಿ ಮಣಿಯ ತೂತಿನ ಸುತ್ತ ಕಂದು ಕಲೆ ಬೀಳುತ್ತದೆ. ಹೆಚ್ಚಾಗಿ ತುಂಡಾಗುವುದು ಮರಿಯ ಮಾತೆಯ ಪದಕದ ಹತ್ತಿರ, ಮೂರು ಕಡೆಯ ಎಳೆತವೂ ಅಲ್ಲೇ ಬೀಳುವುದರಿಂದ. ಪದಕಕ್ಕೆ ಸರಪಳಿ ಕೂಡಿಸುವ ಸಣ್ಣ ಬಳೆಯ ಬಾಯಿಗೆ ಉಗುರು ತೂರಿದರೆ ಸರವನ್ನು ಅಲ್ಲೇ ಬಿಟ್ಟು ಬನ್ನಿ. ನೈಲಾನ್ ನೂಲಿನದ್ದಕ್ಕೆ ಈ ಕಾಟವಿಲ್ಲ, ಅಗ್ಗ ಬೇರೆ. ಗಂಟಿನ ತುದಿ ಸುಟ್ಟು ಕೂಡಿಸಿದೆಯೇ ಎಂದಷ್ಟು ನೋಡಿ.

ಮಣಿಗಳನ್ನು ಎಣಿಸಿಯೇ ಕೊಳ್ಳಿ: ಸಣ್ಣವು 53, ದೊಡ್ಡವು 6. ಎಲ್ಲ ಮಣಿ ಒಂದೇ ಗಾತ್ರದ್ದಾದರೆ ದೊಡ್ಡ ಮಣಿಗೆ ಹೇಳುವ ‘ಆಮ್ಚ್ಯಾ ಬಾಪಾ’ (ಪರಲೋಕದ ತಂದೆಗೆ ಪ್ರಾರ್ಥನೆ) ಎಲ್ಲಿ ಎಂದು ಬೆರಳಿಗೆ ಗೊತ್ತಾಗುವುದಿಲ್ಲ. ಆ ಮಣಿಯ ಎರಡೂ ಬದಿಗೆ ಹೊಲಿಗೆ ನೂಲನ್ನು ನಾಲ್ಕು ಸುತ್ತು ಬಿಗಿದರೆ ಸರಿಹೋಗುತ್ತದೆ. ಮೇಣದ ಬತ್ತಿಯ ಬೆಳಕಿಗೆ ತಿಳಿ ಹಳದಿ ಬಿಳಿಯಂತೆಯೇ ಕಾಣುತ್ತದೆ, ಅರಿಸಿನದಷ್ಟು ಗಾಢವಾದದ್ದು ಆರಿಸಿ.

ಪ್ರತಿ ರಹಸ್ಯಕ್ಕೆ ಮುಂಚೆ ಮುಂದಾಳು ಒಂದು ದೇಶದ ಹೆಸರು, ಅಲ್ಲಿನವರ ಒಂದು ಕಷ್ಟ ಹೇಳಿದರೆ ಸಾಕು. ಭಾಷಣವಾದರೆ ಮಕ್ಕಳು ತೂಕಡಿಸುತ್ತಾರೆ. ಕೊನೆಯ ಲದಿನ್ (ಮರಿಯ ಮಾತೆಯ ಸ್ತುತಿಮಾಲೆ) ಸೇರಿ ಅರ್ಧ ಗಂಟೆ ಹಿಡಿಯುತ್ತದೆ. 1784ರಲ್ಲಿ ಇಲ್ಲಿನ ಕ್ರೈಸ್ತ ಸಮುದಾಯದ ಬಹುಪಾಲು ಜನ ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಸೆರೆಗೆ ನಡೆದು, 1799ರಲ್ಲಿ ಬಿಡುಗಡೆ ಕಂಡ ಕರಾವಳಿ ಇದು. ಸೆರೆಯಲ್ಲಿರುವವರ ಹೆಸರು ಇಲ್ಲಿ ಗಟ್ಟಿಯಾಗಿಯೇ ಕೇಳಿಸಬೇಕು.

ಹೆಚ್ಚು ದಿನ ಮಾಡುವವರಿಗೆ 54 ದಿನಗಳ ನೊವೆನಾ (ದಿನ ತಪ್ಪದೆ ಹೇಳುವ ಪ್ರಾರ್ಥನೆ) ಹೊಂದುತ್ತದೆ: 27 ದಿನ ಬೇಡಿಕೆ, 27 ದಿನ ಕೃತಜ್ಞತೆ. ಆಗಸ್ಟ್ 15ರ ಮರಿಯ ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ತೊಡಗಿದರೆ ಅಕ್ಟೋಬರ್ 7ಕ್ಕೆ, ತುರ್ಕರ ಮೇಲೆ ಕ್ರೈಸ್ತ ನೌಕಾಪಡೆ ಗೆದ್ದ 1571ರ ಲೆಪಾಂಟೊ ಕದನದ ನೆನಪಿನಲ್ಲಿ ಬಂದ ಜಪಸರ ಮಾತೆಯ ಹಬ್ಬದ ದಿನಕ್ಕೇ, ಮುಗಿಯುತ್ತದೆ. ನಡುವೆ ಮೊಂತಿ ಫೆಸ್ತ್ (ಮರಿಯ ಮಾತೆಯ ಹುಟ್ಟುಹಬ್ಬ) ಬರುವುದರಿಂದ ಜನ ಸೇರುವುದೂ ಸುಲಭ. ಬೇಡಿದ್ದು ಸಿಕ್ಕಿರಲಿ, ಸಿಗದಿರಲಿ, ಸೆಪ್ಟೆಂಬರ್ 11ರಿಂದ ಹೇಳುವುದು ಕೃತಜ್ಞತೆಯ ಪ್ರಾರ್ಥನೆಯನ್ನೇ.