ಅಂಬಾಸಿಡರ್ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ ಅಂತ ಕಾರ್ಬುರೇಟರ್ ಬದಲಾಯಿಸೋಕೆ ಹೋಗಬೇಡಿ, ನಾನು ಹೋಗಿ ಕೆಟ್ಟೆ

ಹಳೇ ಗಾಡಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನನಗೆ 17,900 ರೂಪಾಯಿ ಪಂಗನಾಮ ಬಿತ್ತು. ದುಡ್ಡು ಹೋದದ್ದಕ್ಕಿಂತ, ಹೋದ ರೀತಿಗೆ ಹೊಟ್ಟೆ ಉರಿಯುತ್ತಿದೆ. ಹೇಳಿಕೊಳ್ಳಲು ನಾಚಿಕೆ. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ನಮ್ಮದು 1983ರ ಮಾರ್ಕ್ 4. ಪೆಟ್ರೋಲ್, 1489 ಸಿಸಿ, ಎಸ್‌ಯು ಕಾರ್ಬುರೇಟರ್. ಕಾರ್ಬುರೇಟರ್ ಅಂದರೆ ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ, ಎಸ್‌ಯು ಅದರ ಒಂದು ಬಗೆ. ಅಪ್ಪ ತಂದ ಗಾಡಿ. ಅವರು ಹೋದ ಮೇಲೆ ಮಾರಲು ಮನಸ್ಸಾಗಲಿಲ್ಲ. ವಾರಕ್ಕೊಮ್ಮೆ ತೆಗೆದು ಒಂದು ರೌಂಡ್ ಹೋಗಿ ಬರುತ್ತೇನೆ. ಚಿಕ್ಕಮಗಳೂರಿನ ಡಿಸೆಂಬರ್ ಚಳಿ ಗೊತ್ತಲ್ಲ. ಬೆಳಿಗ್ಗೆ ಚೋಕ್ (ತಣ್ಣನೆಯ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಕೊಡಲು ಎಳೆಯುವ ಹಿಡಿ) ಪೂರ್ತಿ ಎಳೆದು ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ಹೊಡೆದೂ ಹೊಡೆದೂ ಬ್ಯಾಟರಿ ಇಳಿಯುತ್ತದೆ. ಹತ್ತು ಗಂಟೆಗೆ ಬಾನೆಟ್ ಮೇಲೆ ಬಿಸಿಲು ಬಿದ್ದ ಮೇಲೆ ಪಕ್ಕದ ಮನೆ ಹುಡುಗರಿಂದ ತಳ್ಳಿಸಿದರೆ ಕೆಮ್ಮುತ್ತಾ ಎದ್ದೇಳುತ್ತದೆ. ಒಮ್ಮೆ ಬಿಸಿಯಾಯಿತೋ, ಆಮೇಲೆ ಇಡೀ ದಿನ ಒಂದೇ ಏಟಿಗೆ ಸ್ಟಾರ್ಟ್.

ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ನಮ್ಮೂರಿನ ಮೆಕ್ಯಾನಿಕ್ಕೇ. ಹೆಸರು ಬರೆಯುವುದಿಲ್ಲ. ಬಾನೆಟ್ ಎತ್ತಿದ, ಏರ್ ಫಿಲ್ಟರ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ, ಎರಡು ನಿಮಿಷ ನೋಡಿದ. ಒಂದು ಸ್ಪಾರ್ಕ್ ಪ್ಲಗ್ಗೂ ಬಿಚ್ಚಲಿಲ್ಲ. "ಕಾರ್ಬುರೇಟರ್ ಸವೆದು ಹೋಗಿದೆ ಸಾರ್. ಇದನ್ನ ರಿಪೇರಿ ಮಾಡಿದ್ರೆ ನಿಮ್ಮ ದುಡ್ಡು ದಂಡ" ಅಂದ. ನನ್ನ ದುಡ್ಡಿನ ಮೇಲೆ ಎಷ್ಟು ಕಾಳಜಿ ನೋಡಿ! ಹೊಸದು ಸಿಗುತ್ತಾ ಅಂತ ಕೇಳಿದೆ. "ಕಂಪನಿ ಗಾಡಿ ಮಾಡೋದನ್ನೇ 2014ರಲ್ಲಿ ನಿಲ್ಲಿಸಿದೆ. ಹೊಸದು ಎಲ್ಲಿಂದ ಬರುತ್ತೆ? ಬೆಂಗಳೂರಲ್ಲಿ ಜೆ.ಸಿ. ರೋಡಲ್ಲಿ ನಮ್ಮವರಿದ್ದಾರೆ, ರೀಕಂಡೀಷನ್ ಮಾಡಿದ್ದು ತಂದ್ಕೊಡ್ತೀನಿ" ಅಂದ. 16,000 ಹೇಳಿದ. ಹಳೆಯದನ್ನು ಅವನಿಗೇ ಬಿಟ್ಟರೆ 1,500 ಕಡಿಮೆ. ಅಂದರೆ 14,500. ಲೇಬರ್ 2,500. ಬೆಂಗಳೂರಿಗೆ ಹೋಗಿ ಬರಲು ಬಸ್ ಚಾರ್ಜು, ಊಟ ಅಂತ 900. ಬಿಲ್ ಕೇಳಿದ್ದಕ್ಕೆ, "ಬಿಲ್ ಹಾಕಿದ್ರೆ ಜಿಎಸ್‌ಟಿ ಬೀಳುತ್ತೆ ಸಾರ್, ನಿಮಗೆ ಸುಮ್ನೆ ಹೊರೆ" ಅಂದ. ನಾನೂ ಸುಮ್ಮನಾದೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ನಾಲ್ಕನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಫೋನ್ ಬಂತು. ಹೋದೆ. ಬಾನೆಟ್ ಕೆಳಗೆ ಬೆಳ್ಳಿ ಲೋಟದ ಹಾಗೆ ಹೊಳೆಯುವ ಕಾರ್ಬುರೇಟರ್. ಕೀ ತಿರುಗಿಸಿದ, ಗಾಡಿ ಗುಂಯ್ ಅಂತ ಸ್ಟಾರ್ಟ್ ಆಯಿತು. "ನೋಡಿ ಸಾರ್, ಚೋಕೇ ಬೇಡ!" ಅಂದ. ಬಾನೆಟ್ಟಿಗೆ ಕೈಯಿಟ್ಟರೆ ಸುಡುತ್ತಿತ್ತು. ಬಿಸಿ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದ್ದಾನೆ. ಬಿಸಿ ಇದ್ದಾಗ ನನ್ನ ಗಾಡಿಗೆ ಮೊದಲೂ ಏನೂ ತೊಂದರೆ ಇರಲಿಲ್ಲವಲ್ಲ! ಅದು ಆಗ ತಲೆಗೆ ಹೊಳೆಯಲೇ ಇಲ್ಲ. ಖುಷಿಗೆ ಹುಡುಗರಿಗೆ ಕಾಫಿಗೆ ಅಂತ ಇನ್ನೂರು ಬೇರೆ ಕೊಟ್ಟೆ. ಅದು ಲೆಕ್ಕದಲ್ಲಿಲ್ಲ. ಕಾರ್ಬುರೇಟರಿನ ಫೋಟೊ ತೆಗೆದು ನೆಂಟರ ಗ್ರೂಪಿಗೂ ಹಾಕಿದೆ. "ಅಪ್ಪನ ಗಾಡಿಗೆ ಹೊಸ ಜೀವ" ಅಂತ. ಭಾವ ಹೂವಿನ ಗುರುತು ಕಳಿಸಿದ್ದರು.

ಮಾರನೇ ದಿನ ಬೆಳಿಗ್ಗೆ ಅದೇ ಕಥೆ. ತಿರುಗುತ್ತೆ, ಹಿಡಿಯಲ್ಲ.

ಫೋನ್ ಮಾಡಿದೆ. "ಹೊಸ ಪಾರ್ಟು ಸಾರ್, ಸೆಟ್ ಆಗೋಕೆ ನಾಲ್ಕು ದಿನ ಬೇಕು." ನಾಲ್ಕು ದಿನ ಬಿಟ್ಟು ಮತ್ತೆ ಮಾಡಿದೆ. "ಈಗಿನ ಪೆಟ್ರೋಲಲ್ಲಿ ಎಥನಾಲ್ ಇದೆಯಲ್ಲ ಸಾರ್, ಅದಕ್ಕೆ ನಾವೇನ್ ಮಾಡೋಕಾಗುತ್ತೆ?" ಎಥನಾಲ್ ಹಳೇ ಗಾಡಿಯ ರಬ್ಬರಿಗೆ ಆಗುವುದಿಲ್ಲ, ಅದು ನಿಜ. ಆದರೆ 14,500 ತೆಗೆದುಕೊಳ್ಳುವಾಗ ಎಥನಾಲ್ ನೆನಪಾಗಲಿಲ್ಲವಾ? ಮೂರನೇ ಸಲ ಮಾಡಿದಾಗ, "ಡ್ರೈವಿಂಗಲ್ಲಿದೀನಿ ಸಾರ್." ಆಮೇಲೆ ಯಾವಾಗ ಮಾಡಿದರೂ ಡ್ರೈವಿಂಗಲ್ಲೇ.

ಕೊನೆಗೆ ಅಪ್ಪನ ಕಾಲದ ಟ್ಯಾಕ್ಸಿ ಡ್ರೈವರ್ ಒಬ್ಬರನ್ನು ಕರೆದುಕೊಂಡು ಬಂದೆ. ಎಪ್ಪತ್ತು ದಾಟಿದೆ. ಚಿಕ್ಕಂದಿನಿಂದ ನಾನು ಅವರನ್ನು ದೊಡ್ಡಪ್ಪ ಅಂತಲೇ ಕರೆಯುವುದು. ಬೆಳಿಗ್ಗೆ ಏಳಕ್ಕೆ ಬಂದರು. ಎಂಜಿನ್ ತಣ್ಣಗಿರುವಾಗಲೇ ನೋಡಬೇಕು ಅಂದಿದ್ದರು. ಚೋಕ್ ಎಳೆಸಿ ಸೆಲ್ಫ್ ಹೊಡೆಸಿದರು. ಆಮೇಲೆ ಒಂದು ಪ್ಲಗ್ ಬಿಚ್ಚಿ ಮೂಗಿನ ಹತ್ತಿರ ಹಿಡಿದರು. "ಒಣಗಿದೆ ಕಣಪ್ಪಾ. ಇಷ್ಟು ಹೊಡೆದ ಮೇಲೆ ಪೆಟ್ರೋಲಲ್ಲಿ ಒದ್ದೆಯಾಗಿರಬೇಕಿತ್ತು. ಒಳಗೆ ಸಾಕಷ್ಟು ಹೋಗ್ತಾನೇ ಇಲ್ಲ." ಕಾರ್ಬುರೇಟರಿಗೆ ಪೆಟ್ರೋಲ್ ಬರುತ್ತಿದೆಯಾ ನೋಡೋಣ ಅಂತ ಫ್ಲೋಟ್ ಚೇಂಬರಿನ, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಂದು ನಿಲ್ಲುವ ಬಟ್ಟಲಿನ, ಮುಚ್ಚಳ ಬಿಚ್ಚಿದರು. ಮೂರೇ ಸ್ಕ್ರೂ. ಒಳಗೆ ಪೆಟ್ರೋಲ್ ತುಂಬಿತ್ತು.

ಅವರು ಮುಚ್ಚಳ ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು. "ಇದು ನಿಮ್ಮಪ್ಪನ ಅಕ್ಷರ ಅಲ್ವೇನೋ?"

ನಮ್ಮಪ್ಪನಿಗೆ ಒಂದು ಅಭ್ಯಾಸ ಇತ್ತು. ಪಾತ್ರೆಗೆ ಹೆಸರು ಹಾಕಿಸುತ್ತಾರಲ್ಲ, ಹಾಗೆ ಎಲ್ಲದಕ್ಕೂ ಗುರುತು ಹಾಕುವುದು. ಸ್ಪ್ಯಾನರಿಗೆ, ಜಾಕಿಗೆ, ಕೊಡೆ ಹಿಡಿಗೆ. ಆ ಮುಚ್ಚಳದ ಒಳಮೈಯಲ್ಲಿ ಮೊಳೆಯಿಂದ ಗೀರಿದ್ದರು. 'ಕೆ. 91'.

ಅಂದರೆ ಅದು ನಮ್ಮದೇ ಕಾರ್ಬುರೇಟರ್. ಹೊರಗಿಂದ ಉಜ್ಜಿ, ಹೊಳಪು ಕೊಟ್ಟು, ಅದನ್ನೇ ವಾಪಸ್ ಕೂರಿಸಿದ್ದಾನೆ. ನಮ್ಮದೇ ಕಾರ್ಬುರೇಟರನ್ನು ನಾನು 14,500 ಕೊಟ್ಟು ಕೊಂಡೆ. ಅದನ್ನೇ ಅವನಿಗೆ ಕೊಟ್ಟಿದ್ದಕ್ಕೆ 1,500 ಕಡಿಮೆ ಮಾಡಿಸಿಕೊಂಡೆ, ಚೌಕಾಸಿಯಲ್ಲಿ ಗೆದ್ದೆ ಅಂದುಕೊಂಡೆ. ಅದು ಬೆಂಗಳೂರು ನೋಡಿ ಬರಲಿ ಅಂತ ಬಸ್ ಚಾರ್ಜೂ ಕೊಟ್ಟೆ. ಒಂದು ನಿಮಿಷ ಬಾಯಿಂದ ಮಾತೇ ಹೊರಡಲಿಲ್ಲ. ದೊಡ್ಡಪ್ಪನಿಗೆ ನಗು ಬಂದಿತ್ತು, ಪಾಪ, ತಡೆದುಕೊಂಡು ಆ ಕಡೆ ತಿರುಗಿದರು.

ಹಾಗಾದರೆ ನಿಜವಾದ ತೊಂದರೆ ಏನು? ಎಸ್‌ಯು ಕಾರ್ಬುರೇಟರಿನಲ್ಲಿ ಚೋಕ್ ಎಳೆದರೆ, ಬೇರೆ ಎಷ್ಟೋ ಕಾರ್ಬುರೇಟರುಗಳ ಹಾಗೆ, ಗಾಳಿ ಬರುವ ದಾರಿ ಮುಚ್ಚುವುದಿಲ್ಲ. ಕೆಳಗಿರುವ ಜೆಟ್, ಅಂದರೆ ಪೆಟ್ರೋಲ್ ಹೊರಬರುವ ಸಣ್ಣ ಕೊಳವೆ, ಕೆಳಕ್ಕೆ ಇಳಿಯುತ್ತದೆ. ಮೇಲಿನಿಂದ ಅದರೊಳಗೆ ಇಳಿದಿರುವ ಸೂಜಿ ತುದಿಗೆ ಹೋದಂತೆ ಸಣ್ಣ. ಹಾಗಾಗಿ ಜೆಟ್ ಇಳಿದಷ್ಟೂ ಸುತ್ತ ಸಂದಿ ಜಾಸ್ತಿಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ತಣ್ಣನೆಯ ಎಂಜಿನ್ನಿಗೆ ಅದು ಬೇಕೇ ಬೇಕು. ದೊಡ್ಡಪ್ಪ ನನ್ನನ್ನು ಸೀಟಿನಲ್ಲಿ ಕೂರಿಸಿ "ಎಳಿ" ಅಂದರು. ಎಳೆದೆ. "ಎಳೆದ್ಯಾ?" ಪೂರ್ತಿ ಎಳೆದಿದ್ದೆ. "ಜೆಟ್ ಅಲ್ಲಾಡಲೇ ಇಲ್ಲವಲ್ಲೋ!" ಚೋಕ್ ಕೇಬಲ್ಲಿನ ಹೊರಗಿನ ಕವಚವನ್ನು ಹಿಡಿದಿಡುವ ಕ್ಲಿಪ್ಪು ಮುರಿದಿತ್ತು. ಎಳೆದಾಗ ತಂತಿಯ ಜೊತೆ ಕವಚವೂ ಸರಿಯುತ್ತಿತ್ತು, ಜೆಟ್ ಮಾತ್ರ ಇದ್ದಲ್ಲೇ. ಕೆಲವು ತಿಂಗಳಿಂದ ಚೋಕ್ ಬೆಣ್ಣೆ ಹಾಗೆ ಬರುತ್ತಿತ್ತು. ನಾನು ಚೆನ್ನಾಗಿದೆ ಅಂದುಕೊಂಡಿದ್ದೆ.

ಅವರ ಡಬ್ಬಿಯಲ್ಲಿದ್ದ ಒಂದು ಹಳೇ ಕ್ಲಿಪ್ ಹಾಕಿದರು. ಕಾರ್ಬುರೇಟರಿನ ನೆತ್ತಿಯಲ್ಲಿ ಎಣ್ಣೆ ಇರಬೇಕಾದ ಡ್ಯಾಂಪರಿನ ಮುಚ್ಚಳ ತಿರುಗಿಸಿ ನೋಡಿದರೆ ಒಂದು ತೊಟ್ಟೂ ಎಣ್ಣೆ ಇಲ್ಲ. ಹೊಳಪು ಕೊಟ್ಟ ಮಹಾನುಭಾವ ಎಣ್ಣೆ ಹಾಕುವುದನ್ನು ಮರೆತಿದ್ದ. ಅದಕ್ಕೇ ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತಿದ್ದದ್ದು. ಅದನ್ನೂ ಹಾಕಿದರು. ಎರಡನೇ ಸೆಲ್ಫಿಗೆ ಗಾಡಿ ಸ್ಟಾರ್ಟ್. ಚಳಿಯಲ್ಲಿ, ಏಳೂವರೆಗೆ. ದುಡ್ಡು ಕೊಡಲು ಹೋದರೆ ಬೈದು, ತಿಂಡಿ ತಿಂದು ಹೋದರು.

ಗ್ಯಾರೇಜಿಗೆ ಹೋಗಿ ಮುಚ್ಚಳದ ಫೋಟೊ ತೋರಿಸಿದೆ. ಅವನ ಉತ್ತರ ಕೇಳಿ. "ಯಾರ್ ಸಾರ್ ನಿಮಗೆ ಬಿಚ್ಚೋಕೆ ಹೇಳಿದ್ದು? ಬಿಚ್ಚಿದ ಮೇಲೆ ಗ್ಯಾರಂಟಿ ಇಲ್ಲ." ನಾನು ಅಪ್ಪನ ಗುರುತು ಅಂದೆ. "ಕೆ ಅಂತ ಎಷ್ಟು ಜನ ಇರ್ತಾರೆ ಸಾರ್." ಸುತ್ತ ಇದ್ದವರು ನನ್ನನ್ನೇ ಹುಚ್ಚನ ಹಾಗೆ ನೋಡಿದರು. ಕೈಯಲ್ಲಿ ಬಿಲ್ ಇಲ್ಲ. ಏನಂತ ಜಗಳ ಮಾಡಲಿ?

ಆದ್ದರಿಂದ ಗಾಡಿಯನ್ನು ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ನೀವು ಹೋದ ಮೇಲೆ, ನಿಮ್ಮೆದುರಿಗೇ ಮೊದಲ ಸಲ ಸ್ಟಾರ್ಟ್ ಮಾಡಿಸಿ. ಅದಕ್ಕೂ ಮೊದಲು ಒಬ್ಬರು ಚೋಕ್ ಎಳೆಯಿರಿ, ಇನ್ನೊಬ್ಬರು ಜೆಟ್ ನೋಡಿ. ಹಳೇ ಪಾರ್ಟು ಮನೆಗೆ ತನ್ನಿ, ಗುಜರಿಗೆ ಹಾಕಿದರೂ ಪರವಾಗಿಲ್ಲ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಮತ್ತೆ, ಫೋಟೊ ಗ್ರೂಪಿಗೆ ಹಾಕಬೇಡಿ.

ನಿನ್ನೆ ಅದೇ ಮನುಷ್ಯನಿಂದ ಮೆಸೇಜ್ ಬಂದಿದೆ. "ಸಾರ್, ಅಂಬಾಸಿಡರ್ ಕೊಡೋದಿದ್ರೆ ಹೇಳಿ, ಒಳ್ಳೇ ಪಾರ್ಟಿ ಇದೆ. ಕಾರ್ಬುರೇಟರ್ ಹೊಸದು ಅಂತ ಹೇಳಿದ್ದೀನಿ."